ನೀಲುವಿನ ತೋಳಂಗಿ

ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಒಮ್ಮೆ ಉಜ್ಜಿದರೆ ಸಾಕು, ಅದು ಎಷ್ಟು ಒಗೆತ ತಾಳುತ್ತದೆ, ಎಲ್ಲಿ ಪಿಸಿಯುತ್ತದೆ ಎಂದು ಸುಮಂಗಲಾ ಹೇಳಿಬಿಡುತ್ತಿದ್ದಳು. ಹುಬ್ಬಳ್ಳಿಯ ಗದಗ ರಸ್ತೆಯ ಆಚೆಗಿನ ಬಡಾವಣೆಯಲ್ಲಿ, ಮನೆಯ ಮುಂಗೋಣೆಯಲ್ಲೇ ಹೊಲಿಗೆ ಯಂತ್ರವಿಟ್ಟುಕೊಂಡು ಹನ್ನೆರಡು ವರ್ಷ ಕುಪ್ಪಸ ಹೊಲಿದವಳು ಅವಳು. ಆದರೆ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ತಸ್ನೀಮ್ ನದಾಫ್ ಮೇಜಿನ ಮೇಲೆ ಹರವಿದ ಬೂದು ಬಣ್ಣದ ಪುಟ್ಟ ಅಂಗಿ ಮಾತ್ರ ಅವಳ ಬೆರಳಿಗೆ ಏನನ್ನೂ ಹೇಳಲಿಲ್ಲ. ಹತ್ತಿಯೂ ಅಲ್ಲ, ರೇಷ್ಮೆಯೂ ಅಲ್ಲ, ಟೆರಿಕಾಟೂ ಅಲ್ಲ. ತಸ್ನೀಮ್ ಕಂಪ್ಯೂಟರಿನ ಕೀಲಿಯೊಂದನ್ನು ಒತ್ತಿದರು. ಒಳಗೆ ಕೈಯೇ ಇಲ್ಲದ ಆ ಅಂಗಿಯ ಬಲದೋಳು, ಮೊಣಕೈ ಇರಬೇಕಾದಲ್ಲಿ ನಿಧಾನವಾಗಿ ಮಡಚಿಕೊಂಡು ಮೇಲೆದ್ದಿತು.

ಸುಮಂಗಲಾ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಅವಳ ತೊಡೆಯ ಮೇಲೆ ಕೂತಿದ್ದ ಮಗಳು ಮಾತ್ರ ನಕ್ಕಳು.

"ಅಂಗಿಗೆ ಎಚ್ಚರ ಆತು" ಎಂದಳು.

ಮಗಳ ಹೆಸರು ನೀಲಾಂಬಿಕಾ, ಎಲ್ಲರ ಬಾಯಲ್ಲಿ ನೀಲು. ಆಗ ಅವಳಿಗೆ ನಾಲ್ಕು ತುಂಬಿ ಎರಡು ತಿಂಗಳು. ನಡೆಯುತ್ತಿದ್ದಳು, ಮಾತಂತೂ ಅರಳು ಹುರಿದಂತೆ. ಆದರೆ ಹುಟ್ಟಿನಿಂದಲೇ ಭುಜ ಮತ್ತು ತೋಳಿನ ನರಗಳಲ್ಲಿ ಬಲವಿರಲಿಲ್ಲ. ಬೆರಳುಗಳು ಮೆಲ್ಲಗೆ ಮುಚ್ಚಿ ತೆರೆಯುತ್ತಿದ್ದವು, ಅಷ್ಟೆ. ಕೈ ಎತ್ತಿ ಮೂಗಿನ ಮೇಲಿನ ನೊಣ ಓಡಿಸಲೂ ಆಗುತ್ತಿರಲಿಲ್ಲ. ಒಂದೂವರೆ ವರ್ಷದವಳಿದ್ದಾಗ ಕೊಟ್ಟ ಔಷಧ ಕಾಯಿಲೆಯನ್ನು ಇದ್ದಲ್ಲಿಗೇ ನಿಲ್ಲಿಸಿತ್ತು. ಹೋದದ್ದನ್ನು ಮರಳಿ ತಂದಿರಲಿಲ್ಲ. ಹೀಗಾಗಿ ಉಣಿಸುವುದು, ತಲೆ ಬಾಚುವುದು, ಕಣ್ಣೀರು ಒರೆಸುವುದು ಎಲ್ಲವೂ ಸುಮಂಗಲಾಳ ಕೈಯಿಂದಲೇ ನಡೆದಿತ್ತು.

ತಸ್ನೀಮ್ ಆ ಅಂಗಿಯನ್ನು ತೋಳಂಗಿ ಎಂದು ಕರೆಯುತ್ತಿದ್ದರು. ಅದರ ನೂಲುಗಳು ಸ್ನಾಯುವಿನಂತೆ ಕುಗ್ಗಿ ಹಿಗ್ಗುತ್ತಿದ್ದವು. ಕೈ ಎತ್ತಬೇಕೆಂದು ಮಿದುಳು ಹೇಳಿದಾಗ ನರದಲ್ಲಿ ಹರಿಯುವ ವಿದ್ಯುತ್ತು ನೀಲುವಿನ ಚರ್ಮದವರೆಗೆ ಪಿಸುಮಾತಿನಷ್ಟು ಬರುತ್ತಿತ್ತು. ಅಂಗಿಯ ಒಳಮೈ ಆ ಪಿಸುಮಾತನ್ನು ಕೇಳಿಸಿಕೊಂಡು ನೂಲನ್ನು ಕುಗ್ಗಿಸಬೇಕು. ಯಾವ ಪಿಸುಮಾತಿಗೆ ಯಾವ ಅರ್ಥ ಎಂಬುದನ್ನು ಕಾಲರಿನ ಹಿಂದಿದ್ದ, ಹುಣಸೆಬೀಜದಷ್ಟು ದೊಡ್ಡ ಕಂಪ್ಯೂಟರ್ ಚಿಪ್ ದಿನದಿನಕ್ಕೂ ಕಲಿಯುತ್ತಾ ಹೋಗುತ್ತದೆ. ಮಗು ಮನಸ್ಸು ಮಾಡಿದಷ್ಟೂ ಅಂಗಿ ಕಲಿಯುತ್ತದೆ, ಅಂಗಿ ಎತ್ತಿದಷ್ಟೂ ಒಳಗಿನ ಸೊರಗಿದ ಸ್ನಾಯುವಿಗೂ ಕಸರತ್ತು.

ಅಂಥ ಅಂಗಿಗಳು ಇದ್ದದ್ದು ಆರೇ ಆರು. ಹನ್ನೆರಡು ವಾರದೊಳಗೆ ಮಗುವಿನಿಂದ ಸ್ಪಷ್ಟ ಸಂಕೇತ ಬರದಿದ್ದರೆ ಅಂಗಿ ಪಟ್ಟಿಯಲ್ಲಿನ ಮುಂದಿನ ಮಗುವಿಗೆ ಹೋಗುತ್ತದೆಂದು ತಸ್ನೀಮ್ ಮೊದಲ ದಿನವೇ ಹೇಳಿದ್ದರು. ತಾಯಿಯ ಮಣಿಕಟ್ಟಿಗೊಂದು ಪಟ್ಟಿಯನ್ನೂ ಕಟ್ಟಿದರು. ಅದರಲ್ಲಿ ಎರಡು ಗುಂಡಿ. ಕೆಂಪನ್ನು ಒತ್ತಿದರೆ ಅಂಗಿ ನಿಂತುಬಿಡುತ್ತದೆ. ಹಸಿರನ್ನು ಒತ್ತಿದರೆ ತಾಯಿ ಕೈ ಆಡಿಸಿದಂತೆ ಮಗುವಿನ ಕೈಯೂ ಆಡುತ್ತದೆ. ಆರಂಭದ ದಿನಗಳಲ್ಲಿ ದಾರಿ ತೋರಿಸಲೆಂದು.

ಮನೆಗೆ ಬಂದ ಮೊದಲ ಸಂಜೆಯೇ ಸುಮಂಗಲಾ ಹಸಿರು ಗುಂಡಿ ಒತ್ತಿ, ಗಾಳಿಯಲ್ಲಿ ತುತ್ತು ಹಿಡಿದಂತೆ ಮಾಡಿ ಬಾಯಿಗೆ ಒಯ್ದಳು. ಎದುರಿಗೆ ಕೂತಿದ್ದ ನೀಲುವಿನ ಕೈ ತಟ್ಟೆಯಲ್ಲಿದ್ದ ರೊಟ್ಟಿಯ ಚೂರನ್ನು ಎತ್ತಿ ಅವಳದೇ ಬಾಯಿಗಿಟ್ಟಿತು. ರೈಲ್ವೆ ಕಾರ್ಯಾಗಾರದಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದ ಗಂಡ ಗುರುಪಾದ ಮಗಳನ್ನು ನೋಡಿ, ನಳ ನಿಲ್ಲಿಸುವುದನ್ನೂ ಮರೆತು ಗೋಡೆಗೆ ಮುಖ ತಿರುಗಿಸಿ ನಿಂತ. ಸುಮಂಗಲಾ ನಗುತ್ತಾ ಅಳುತ್ತಾ ಇನ್ನೊಂದು ತುತ್ತು, ಮತ್ತೊಂದು ತುತ್ತು ಎಂದು ಅರ್ಧ ರೊಟ್ಟಿ ಮುಗಿಸಿದಳು. ಅಗಿಯುತ್ತಿದ್ದ ನೀಲು ತನ್ನ ಕೈಯನ್ನೇ ನೋಡುತ್ತಿದ್ದಳು, ಮನೆಗೆ ಬಂದ ಗುರುತಿಲ್ಲದ ನೆಂಟರನ್ನು ನೋಡುವ ಹಾಗೆ.

"ಇದು ನನ್ನ ಕೈ ಅಲ್ಲ" ಎಂದಳು ಕೊನೆಗೆ. "ನಿನ್ನ ಕೈ."

ಆ ಮಾತಿಗೆ ಆ ಹೊತ್ತಿನಲ್ಲಿ ಯಾರೂ ಕಿವಿಗೊಡಲಿಲ್ಲ.

ವಾರಕ್ಕೊಮ್ಮೆ ತಾಯಿ ಮಗಳು ಬಸ್ಸು ಹತ್ತಿ ಧಾರವಾಡಕ್ಕೆ ಹೋಗುತ್ತಿದ್ದರು. ಬಿಳಿ ಕೋಣೆಯಲ್ಲಿ ನೀಲುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮುಂದೆ ಪ್ಲಾಸ್ಟಿಕ್ಕಿನ ಕೆಂಪು ಇಟ್ಟಿಗೆಯೊಂದನ್ನು ಇಟ್ಟು, ಎತ್ತು ಎನ್ನುತ್ತಿದ್ದರು. ನೀಲು ಫ್ಯಾನು ನೋಡುತ್ತಿದ್ದಳು. ಮತ್ತೆ ಹೇಳಿದರೆ, ಯಾಕೆ ಎತ್ತಬೇಕು ಎಂದು ಕೇಳುತ್ತಿದ್ದಳು. ಗಾಜಿನ ಆಚೆಯ ನಿಯಂತ್ರಣ ಕೋಣೆಯಲ್ಲಿ ತಸ್ನೀಮ್ ಪಕ್ಕದಲ್ಲಿ ಕೂತ ಸುಮಂಗಲಾಳಿಗೆ ಪರದೆಯ ಮೇಲಿನ ಹಸಿರು ಗೆರೆ ಕಾಣುತ್ತಿತ್ತು. ಕೆರೆಯ ನೀರಿನಂತೆ ಅಲುಗದೆ ಮಲಗಿದ ಗೆರೆ. ಒಂದು ವಾರ, ಮೂರು ವಾರ, ಆರು ವಾರ. ಮನೆಗೆ ಬಂದು ಸುಮಂಗಲಾ ಇನ್ನಷ್ಟು ಹೊತ್ತು ಹಸಿರು ಗುಂಡಿ ಒತ್ತಿ ಮಗಳ ಕೈ ಆಡಿಸುತ್ತಿದ್ದಳು. ತಾನು ಹೆಚ್ಚು ಮಾಡಿದರೆ ಅವಳು ಬೇಗ ಕಲಿತಾಳು ಎಂಬ ಆಸೆ.

ಏಳನೆಯ ವಾರ ತಸ್ನೀಮ್ ಬೇರೊಂದು ಪರದೆ ತೆರೆದರು. ಅಂಗಿ ಮನೆಯಲ್ಲಿ ಕೇಳಿಸಿಕೊಂಡದ್ದೆಲ್ಲವೂ ಅದರಲ್ಲಿತ್ತು. ಹೆಚ್ಚಿನ ಹೊತ್ತೆಲ್ಲ ಅದೇ ಮಲಗಿದ ಗೆರೆ. ಆದರೆ ಬಹುತೇಕ ದಿನ ಬೆಳಗಿನ ಹನ್ನೊಂದರ ಸುಮಾರಿಗೆ ಗೆರೆ ಎದ್ದು ಕುಣಿದಿತ್ತು, ಅರ್ಧ ತಾಸು, ಕೆಲವೊಮ್ಮೆ ಮುಕ್ಕಾಲು ತಾಸು.

"ನಿಮ್ಮ ಮನ್ಯಾಗ ಹನ್ನೊಂದಕ್ಕ ಏನ್ ನಡೀತೈತ್ರಿ?" ಎಂದು ತಸ್ನೀಮ್ ಕೇಳಿದರು.

ಏನೂ ಇಲ್ಲ, ಅಡುಗೆ ಮುಗಿಸಿ ತಾನು ಹೊಲಿಗೆಗೆ ಕೂಡುವ ಹೊತ್ತು ಅದು ಎಂದಳು ಸುಮಂಗಲಾ. ಯಂತ್ರಕ್ಕೆ ಮೋಟರು ಹಾಕಿಸಿದ್ದೀರಾ ಎಂದರು ತಸ್ನೀಮ್. ಹೌದೆಂದಾಗ ಅವರ ಮುಖ ಸ್ವಲ್ಪ ಬಾಡಿತು. ಮೋಟರಿನ ವಿದ್ಯುತ್ತು ಅಂಗಿಯ ಕಿವಿಗೆ ಬಿದ್ದು ಗೆರೆ ಕುಣಿದಿರಬೇಕು, ಅದು ಮಗುವಿನದಲ್ಲ, ಗದ್ದಲ ಎಂದು ವಿವರಿಸಿದರು. ಆದರೂ ಮನೆಗೆ ಬಂದು ನೋಡಿಯೇ ತೀರ್ಮಾನಿಸುತ್ತೇನೆಂದರು.

ಗುರುವಾರ ಹತ್ತೂವರೆಗೆ ತಸ್ನೀಮ್ ಪೆಟ್ಟಿಗೆಯೊಂದನ್ನು ಹಿಡಿದು ಬಂದರು. ಸುಮಂಗಲಾ ಪಟ್ಟಿಯನ್ನು ಎಂದಿನಂತೆ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು, ಹೊಲಿಯುವಾಗ ಅದು ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಯಂತ್ರ ಶುರುವಾಯಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಪರದೆಯಲ್ಲಿ ಗೆರೆ ಏಳತೊಡಗಿತು. ತಸ್ನೀಮ್ ತಲೆಯಾಡಿಸಿ, ಯಂತ್ರ ನಿಲ್ಲಿಸಿರೆಂದು ಸನ್ನೆ ಮಾಡಿದರು. ಸುಮಂಗಲಾ ಕಾಲು ತೆಗೆದಳು. ಕೋಣೆ ನಿಶ್ಶಬ್ದವಾಯಿತು. ಗೆರೆ ಮಾತ್ರ ಕುಣಿಯುತ್ತಲೇ ಇತ್ತು.

ಇಬ್ಬರೂ ಬಗ್ಗಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನೋಡಿದರು.

ನೀಲು ಅಲ್ಲಿ ಮಂಡಿಯೂರಿದ್ದಳು. ಲಂಗದ ಅಸ್ತರಿನ ನೀಲಿ ಬಟ್ಟೆಯೊಂದು ನೆಲದ ಉದ್ದಕ್ಕೂ ಹಾಸಿತ್ತು. ಅದರ ಈ ದಡದಲ್ಲಿ ತುಂಬುವ ಹತ್ತಿಯ ಹತ್ತೆಂಟು ಉಂಡೆಗಳು, ಆ ದಡದಲ್ಲಿ ನಾಲ್ಕು. ಹೆದ್ದಾರಿಯಲ್ಲಿ ಕುರಿಹಿಂಡು ದಾಟುವುದನ್ನು ಅವಳು ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಿದ್ದಳು. ಇಲ್ಲಿ ಹತ್ತಿಯ ಉಂಡೆಗಳೇ ಕುರಿಗಳು, ನೀಲಿ ಬಟ್ಟೆಯೇ ಅವು ದಾಟುತ್ತಿದ್ದ ಹೊಳೆ. ನೀಲುವಿನ ಬಲಗೈ, ಬೂದು ತೋಳಿನೊಳಗಿನ ಅವಳದೇ ಕೈ, ನಡುಗುತ್ತಾ ನೆಲದಿಂದ ಗೇಣಷ್ಟು ಮೇಲೆದ್ದು, ಬೆರಳ ತುದಿಯಲ್ಲಿ ಒಂದು ಉಂಡೆಯನ್ನು ಹಿಡಿದು ನೀಲಿ ಬಟ್ಟೆಯ ಮೇಲೆ ತೇಲುತ್ತಾ ಹೋಗುತ್ತಿತ್ತು. ನಡುವೆ ಕೈ ಜಗ್ಗಿ ಕೆಳಗಿಳಿಯಿತು. ಅವಳು ಹಲ್ಲು ಕಚ್ಚಿ ಮತ್ತೆ ಎತ್ತಿದಳು. "ಬಾ ಟಗರಪ್ಪ, ಅಂಜಬ್ಯಾಡ, ನಾ ಇದೀನಿ" ಎಂದು ಮೆಲ್ಲಗೆ ಹೇಳುತ್ತಿದ್ದಳು.

ಇಷ್ಟು ದಿನ ಮೂರಡಿ ದೂರದಲ್ಲಿ ಇದು ನಡೆದಿತ್ತು. ಮೇಲೆ ಸುಮಂಗಲಾ ಕುಪ್ಪಸದ ಕಂಕುಳ ಹೊಲಿಯುತ್ತಿದ್ದಳು.

ಕುರಿ ದಡ ಮುಟ್ಟಿದ ಮೇಲೆ ತಸ್ನೀಮ್ ಮೆಲ್ಲಗೆ, ಕೈ ಹೇಗೆ ಎತ್ತಿದೆ ಎಂದು ಕೇಳಿದರು. ನೀಲುವಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಕೈ ಎತ್ತಲಿಲ್ಲ" ಎಂದಳು. "ಕುರಿ ಎತ್ತಿದೆ. ಬಿಟ್ರ ಮುಳುಗ್ತಾವಲ್ಲ."

ಮರುವಾರ ಹತ್ತಿಯ ಉಂಡೆಗಳನ್ನು ಚೀಲಕ್ಕೆ ತುಂಬಿ ಧಾರವಾಡಕ್ಕೆ ಒಯ್ದದ್ದೂ ಆಯಿತು. ಬಿಳಿ ಮೇಜಿನ ಮೇಲೆ ಅವನ್ನು ಸಾಲಾಗಿ ಇಟ್ಟರು. ನೀಲು ಅವುಗಳತ್ತ ನೋಡಿ, ಇಲ್ಲಿ ಹೊಳೆ ಇಲ್ಲ ಎಂದು ಹೇಳಿ ಮತ್ತೆ ಫ್ಯಾನು ನೋಡತೊಡಗಿದಳು. ಆ ಸಂಜೆ ತಸ್ನೀಮ್, ಅಂಗಿ ಯಾರಲ್ಲಿ ಉಳಿಯಬೇಕೆಂದು ತೀರ್ಮಾನಿಸುವ ಕೇಂದ್ರದ ಸಮಿತಿಯ ಮುಂದೆ ನಿಂತು ವಾದಿಸಿದರೆಂದು ಸುಮಂಗಲಾಳಿಗೆ ಆಮೇಲೆ ತಿಳಿಯಿತು. ಆಟವನ್ನು ಪರೀಕ್ಷೆ ಎಂದು ಹೇಗೆ ಒಪ್ಪುವುದು ಎಂದು ಹಿರಿಯರು ಕೇಳಿದ್ದರು. ನಾಲ್ಕು ವರ್ಷದ ಮಗುವಿಗೆ ಇಟ್ಟಿಗೆ ಎತ್ತಲು ಕಾರಣ ಕೊಡದೆ, ಎತ್ತಲಿಲ್ಲವೆಂದು ಹೇಗೆ ಬರೆಯುವುದು ಎಂದು ತಸ್ನೀಮ್ ಕೇಳಿದ್ದರು. ಕೊನೆಗೆ ಹನ್ನೆರಡನೆಯ ವಾರದ ಪರೀಕ್ಷೆಯನ್ನು ಮನೆಯಲ್ಲೇ, ಅವಳ ಆಟದಲ್ಲೇ ನಡೆಸಲು ಒಂದು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಇನ್ನು ಮುಂದೆ ಹಸಿರು ಗುಂಡಿ ಮುಟ್ಟಬಾರದು. ಅದನ್ನು ಬಳಸಿದಾಗಲೆಲ್ಲ ಅಂಗಿ ಕಲಿತದ್ದು ತಾಯಿಯ ಇಚ್ಛೆಯನ್ನೇ ಹೊರತು ಮಗುವಿನದನ್ನಲ್ಲ.

ತಸ್ನೀಮ್ ಅದನ್ನು ಮೃದುವಾಗಿಯೇ ಹೇಳಿದ್ದರು. ಆದರೂ ಬಸ್ಸಿನಲ್ಲಿ ಮರಳುವಾಗ ಸುಮಂಗಲಾಳಿಗೆ ಮೊದಲ ಸಂಜೆ ಮಗಳು ಆಡಿದ ಮಾತು ನೆನಪಾಯಿತು.

ಊಟಕ್ಕೆ ಈಗ ಒಂದು ತಾಸು ಹಿಡಿಯುತ್ತಿತ್ತು. ಸಾರು ತೊಡೆಯ ಮೇಲೆ, ಅನ್ನ ಕಿವಿಯ ಹತ್ತಿರ. ಸುಮಂಗಲಾ ಕೈ ಕಟ್ಟಿಕೊಂಡು ಕೂಡುತ್ತಿದ್ದಳು, ನಿಜವಾಗಿಯೂ ಎರಡು ಕೈಯನ್ನೂ ಕಂಕುಳಲ್ಲಿ ಒತ್ತಿ ಹಿಡಿದು. ಸಹಾಯ ಮಾಡಲೇ ಎಂದರೆ ನೀಲು ಕೆರಳುತ್ತಿದ್ದಳು. ನಾನಽ, ನಾನಽ ಎಂಬುದೊಂದೇ ಮಾತು. ಗುಂಡಿ ಹಾಕಿಕೊಳ್ಳುವುದೂ ನಾನಽ, ಚೊಂಬಿಗೆ ನೀರು ಬಗ್ಗಿಸಿಕೊಳ್ಳುವುದೂ ನಾನಽ. ಕುರಿಗಳು ಮೇಜಿನ ಕೆಳಗಿನಿಂದ ಹೊರಟು ಅಡುಗೆಮನೆ ದಾಟಿ ಪಡಸಾಲೆಗೆ ಬಂದವು. ದಾರ ಸುತ್ತಿದ ಬಾಬಿನ್ನುಗಳು ಕಾವಲುನಾಯಿಗಳಾದವು. ಹೊಳೆಯ ಜೊತೆಗೆ ಈಗ ಗುಡ್ಡವೂ ಬೇಕಾಯಿತು.

ಗುಡ್ಡವೆಂದರೆ ಕಿಟಕಿಯ ಕಟ್ಟೆ. ಒಂಬತ್ತನೆಯ ವಾರದ ಒಂದು ಬೆಳಿಗ್ಗೆ ಸುಮಂಗಲಾ ಅಡುಗೆಮನೆಯಿಂದ ಬಂದಾಗ ನೀಲು ಸ್ಟೂಲಿನ ಮೇಲೆ ನಿಂತು, ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು, ಬಲಗೈಯಲ್ಲಿ ಟಗರಪ್ಪನನ್ನು ಕಟ್ಟೆಗೆ ಏರಿಸುತ್ತಿದ್ದಳು. ಸ್ಟೂಲಿನ ಒಂದು ಕಾಲು ಮೋಟು. ಅದು ಅಲುಗಿತು. ಸುಮಂಗಲಾಳ ಹೆಬ್ಬೆರಳು ಯೋಚಿಸಲಿಲ್ಲ. ಪಟ್ಟಿಯ ಕೆಂಪು ಗುಂಡಿಯನ್ನು ಒತ್ತಿಬಿಟ್ಟಿತು.

ತೋಳಂಗಿ ಸತ್ತಂತೆ ಸಡಿಲವಾಯಿತು. ಸರಳು ಹಿಡಿದಿದ್ದ ಕೈ ಜಾರಿ ಬಿತ್ತು. ಊರಲು ಕೈಯಿಲ್ಲದ ನೀಲು ಮುಖ ಅಡಿಯಾಗಿ ನೆಲಕ್ಕೆ ಬಿದ್ದಳು.

ಗದ್ದಕ್ಕೆ ಮೂರು ಹೊಲಿಗೆ ಬಿದ್ದವು. ದವಾಖಾನೆಯಲ್ಲಿ ಹೊಲಿಗೆ ಹಾಕುವಾಗ ಅವಳು ಅತ್ತಳು, ಆಮೇಲೆ ಸುಮ್ಮನಾದಳು. ರಿಕ್ಷಾದಲ್ಲಿ ಬರುವಾಗ ತಾಯಿಯ ಮುಖ ನೋಡಿ, ಸಿಟ್ಟಿಲ್ಲದೆ, ವಿಷಯ ತಿಳಿಸುವವಳಂತೆ ಹೇಳಿದಳು.

"ನಾ ಹಿಡದಿದ್ದೆ ಅವ್ವಾ. ನೀ ಬಿಡಿಸಿದಿ."

ಮರುದಿನ ಸುಮಂಗಲಾ ಧಾರವಾಡದ ನಿಯಂತ್ರಣ ಕೋಣೆಯಲ್ಲಿ ಆ ಕ್ಷಣದ ಗೆರೆಯನ್ನು ತನಗೆ ತೋರಿಸಬೇಕೆಂದು ಹಟ ಹಿಡಿದಳು. ತಸ್ನೀಮ್ ತೋರಿಸಿದರು. ಎಡಗೈಯ ಹಿಡಿತದ ಗೆರೆ ಇಷ್ಟು ದಿನಗಳಲ್ಲಿ ಎಂದೂ ಏರದಷ್ಟು ಏರಿತ್ತು. ಸ್ಟೂಲು ಅಲುಗಿದಾಗ ಇನ್ನೂ ಬಿಗಿಯಾಗಿತ್ತು. ಆಮೇಲೆ ಕತ್ತರಿ ಹಾಕಿದಂತೆ ಕಡಿದುಹೋಗಿತ್ತು. ಮಗು ಬೀಳುತ್ತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ತಪ್ಪು ನಿಮ್ಮದಲ್ಲ, ನನ್ನದು ಎಂದರು ತಸ್ನೀಮ್. ಕೆಂಪು ಗುಂಡಿಯನ್ನು ಅವರು ರೂಪಿಸಿದ್ದು ಮೆತ್ತನೆಯ ಹಾಸಿಗೆ ಇರುವ ಪ್ರಯೋಗಾಲಯದಲ್ಲಿ. ನಿಲ್ಲುವುದೆಂದರೆ ಬಿಟ್ಟುಬಿಡುವುದು ಎಂದೇ ಅಂಗಿಗೆ ಕಲಿಸಿದ್ದರು. ಇನ್ನು ಮೇಲೆ ನಿಲ್ಲುವುದೆಂದರೆ ಇದ್ದ ಹಿಡಿತದಲ್ಲೇ ಬಿಗಿಯಾಗಿ ಇರುವುದು; ಅದನ್ನು ಎರಡೇ ದಿನದಲ್ಲಿ ತಿದ್ದಿಕೊಡುವುದಾಗಿ ಹೇಳಿದರು. ಸುಮಂಗಲಾ ಪಟ್ಟಿಯನ್ನು ಬಿಚ್ಚಿ ಅವರ ಮೇಜಿನ ಮೇಲಿಟ್ಟಳು. ಇದು ತನಗೆ ಬೇಡವೆಂದಳು. ನಿಯಮದ ಪ್ರಕಾರ ನಿಲ್ಲಿಸುವ ಗುಂಡಿ ಇರಲೇಬೇಕು ಎಂದರು ತಸ್ನೀಮ್.

ಮನೆಯಲ್ಲಿ ಗುರುಪಾದನಿಗೂ ಅದೇ ಚಿಂತೆ. ಗಾಡಿ ರಿಪೇರಿಯ ಕೆಲಸದವನು ಅವನು, ಹದಿನೈದು ವರ್ಷದಿಂದ ಬೋಗಿಗಳ ಕೆಳಗೆ ಮಲಗಿ ಎದ್ದವನು. ಹೆಂಡತಿ ಬೇಡವೆಂದರೆ ಪಟ್ಟಿಯನ್ನು ತಾನು ಕಟ್ಟಿಕೊಳ್ಳುತ್ತೇನೆಂದ.

"ಬ್ರೇಕ್ ಇಲ್ಲದ ಗಾಡಿ ನಾವು ಶೆಡ್ಡಿನಿಂದ ಹೊರಗ ಬಿಡಂಗಿಲ್ಲ, ಸುಮಾ."

"ಬ್ರೇಕ್ ಇರ್ಲಿ" ಎಂದಳು ಅವಳು. "ಆದ್ರ ಆಕಿ ಹತ್ರ ಇರ್ಲಿ."

ಅಂದು ಮಧ್ಯಾಹ್ನವೇ ಅವಳು ಕೆಲಸಕ್ಕೆ ಕೂತಳು. ಅಳತೆಗೆಂದು ಕೇಂದ್ರದವರು ಕೊಟ್ಟಿದ್ದ, ಚಿಪ್ ಇಲ್ಲದ ಹಳೆಯ ಮಾದರಿ ಅಂಗಿಯೊಂದು ಮನೆಯಲ್ಲಿತ್ತು. ಅದರ ಕಾಲರನ್ನು ಬಿಚ್ಚಿ, ಗದ್ದದ ಕೆಳಗೆ ಬರುವಂತೆ ತುಸು ಎತ್ತರಿಸಿ, ಒಳಗೆ ಚಪ್ಪಟೆ ಗುಂಡಿ ಕೂಡುವಷ್ಟು ಕಿಸೆ ಮಾಡಿದಳು. ಆ ನೂಲಿನ ಗುಣ ಅವಳ ಬೆರಳಿಗೆ ಈಗ ಗೊತ್ತಾಗಿತ್ತು. ಅಡ್ಡಕ್ಕೆ ಎಳೆದರೆ ಮುನಿಸಿಕೊಳ್ಳುತ್ತಿತ್ತು, ಓರೆಗೆ ಹೊಲಿದರೆ ಕೇಳುತ್ತಿತ್ತು. ಮಗಳು ಗದ್ದ ಒತ್ತಿದರೆ ಅಂಗಿ ನಿಲ್ಲಬೇಕು, ಸುಮ್ಮನೆ ತಲೆ ಬಗ್ಗಿಸಿದರೆ ನಿಲ್ಲಬಾರದು. ನಾಲ್ಕು ಸಲ ಬಿಚ್ಚಿ ಐದನೆಯ ಸಲ ಹದ ಸಿಕ್ಕಿತು. ಅದನ್ನು ಕಂಡು ತಸ್ನೀಮ್ ಬಹಳ ಹೊತ್ತು ಕಾಲರನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೇಂದ್ರದ ಇಬ್ಬರು ಎಂಜಿನಿಯರುಗಳನ್ನು ಕರೆದು, ಇದನ್ನು ಹೊಲಿಯುವುದು ಹೇಗೆಂದು ಇವರಿಂದ ಕಲಿತುಕೊಳ್ಳಿ ಎಂದರು.

ಕಾಲರು ನೀಲುವಿನ ಅಂಗಿಗೆ ಬಂದ ಮೇಲೆ ಅವಳಿಗೆ ಹೇಳಿಕೊಟ್ಟದ್ದು ಸುಮಂಗಲಾಳೇ. ಅಂಜಿಕೆಯಾದರೆ ಗದ್ದ ಒತ್ತು, ಕೈ ಹಿಡಿದದ್ದನ್ನು ಬಿಡುವುದಿಲ್ಲ ಎಂದಳು. ನೀಲು ಗದ್ದದ ಗಾಯಕ್ಕೆ ಕಟ್ಟಿದ ಪಟ್ಟಿಯ ಮೇಲಿನಿಂದಲೇ ಒತ್ತಿ ನೋಡಿ, ನೋವಾಯಿತೆಂದು ಮುಖ ಕಿವುಚಿ, ಮತ್ತೆ ಒತ್ತಿದಳು.

ಹನ್ನೆರಡನೆಯ ವಾರ ಸಮಿತಿಯೇ ಮನೆಗೆ ಬಂತು. ತಸ್ನೀಮ್ ಜೊತೆಗೆ ಇನ್ನಿಬ್ಬರು, ಅವರಲ್ಲಿ ಒಬ್ಬರು ನರೆಗೂದಲಿನ ಹಿರಿಯ ವಿಜ್ಞಾನಿ. ಗೆರೆ ತೋರಿಸುವ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ಎಲ್ಲರೂ ಪಡಸಾಲೆಯ ನೆಲದ ಮೇಲೆ ಕೂತರು. ಸುಮಂಗಲಾ ಚಹಾ ತರುವ ನೆಪದಲ್ಲಿ ಒಳಗೆ ಹೋಗಿ, ಚಹಾ ಇಲ್ಲದೆಯೇ ಹೊರಬಂದಳು. ನೀಲು ಬಂದವರನ್ನು ಒಮ್ಮೆ ನೋಡಿ, ತನ್ನ ಕೆಲಸಕ್ಕೆ ತೊಡಗಿದಳು. ಹೊಳೆ ಹಾಸಿದಳು, ನಾಯಿಗಳನ್ನು ನಿಲ್ಲಿಸಿದಳು. ಆಮೇಲೆ ಒಂದು ಕುರಿಯನ್ನು ಎತ್ತಿಕೊಂಡು, ಕೈಯನ್ನು ಎದೆಯೆತ್ತರಕ್ಕೆ ಹಿಡಿದು, ಹಿರಿಯರ ಮುಂದೆ ಬಂದು ನಿಂತಳು.

"ಅಜ್ಜಾರ, ನೀವು ಹೊಳ್ಯಾಗ ಕುಂತೀರಿ" ಎಂದಳು. "ಈಚಿಕಡೆ ಬರ್ರಿ, ತೊಯ್ಸಿಕೋತೀರಿ."

ಹಿರಿಯರು ಕೆಳಗೆ ನೋಡಿದರು. ಅವರ ಪ್ಯಾಂಟಿನ ಅಡಿಯಲ್ಲಿ ನೀಲಿ ಬಟ್ಟೆಯ ಅಂಚಿತ್ತು. ಅವರು ನಗಲಿಲ್ಲ. ಎರಡೂ ಕೈಯೂರಿ ಎದ್ದು, ಕಾಲು ಎತ್ತಿ ದಾಟಿ ಅವಳು ಹೇಳಿದ ದಡಕ್ಕೆ ಹೋಗಿ ಕೂತರು. ಅವರ ಅಂಗೈಯಲ್ಲಿ ನೀಲು ಕುರಿಯನ್ನಿಟ್ಟು, ಹಿಡಿದುಕೊಳ್ಳಿ, ಉಳಿದವನ್ನು ತರುತ್ತೇನೆಂದಳು. ಪೆಟ್ಟಿಗೆಯ ಕಡೆ ಆ ಮುಕ್ಕಾಲು ತಾಸು ಯಾರೂ ತಿರುಗಿ ನೋಡಲಿಲ್ಲವೆಂದು ತಸ್ನೀಮ್ ಆಮೇಲೆ ಹೇಳುತ್ತಿದ್ದರು. ನೋಡುವ ಅಗತ್ಯವೂ ಇರಲಿಲ್ಲ, ಗೆರೆಗಳು ತಮ್ಮಷ್ಟಕ್ಕೆ ದಾಖಲಾಗುತ್ತಿದ್ದವು.

ತೋಳಂಗಿ ನೀಲುವಿನಲ್ಲೇ ಉಳಿಯಿತು. ಉಳಿದ ಐದು ಮಕ್ಕಳ ಬಿಳಿ ಕೋಣೆಯ ಪರೀಕ್ಷೆಯನ್ನೂ ಕೇಂದ್ರದವರು ಕೈಬಿಟ್ಟರು. ಬಾಗಲಕೋಟೆಯ ಹುಡುಗಿಯೊಬ್ಬಳು ಗೊಂಬೆಗೆ ಜಡೆ ಹೆಣೆಯುವಾಗ ಮಾತ್ರ ಕೈ ಎತ್ತುತ್ತಾಳೆಂದು, ರಾಯಚೂರಿನ ಇನ್ನೊಂದು ಮಗು ಖಾಲಿ ಡಬ್ಬಿಗಳ ಊರು ಕಟ್ಟುತ್ತದೆಂದು ಸುದ್ದಿ ಬಂತು. ಸುಮಂಗಲಾ ತಿಂಗಳಿಗೆರಡು ದಿನ ಧಾರವಾಡಕ್ಕೆ ಹೋಗಿ ಕಾಲರು ಹೊಲಿದುಕೊಡತೊಡಗಿದಳು.

ಐದು ತುಂಬುವ ಮೊದಲೇ ನೀಲುವಿಗೆ ದೊಡ್ಡ ಅಳತೆಯ ಅಂಗಿ ಬಂತು. ಕೈ ಈಗ ಹೆಗಲೆತ್ತರಕ್ಕೆ ಏರುತ್ತಿತ್ತು. ಅಂಗಿಯಿಲ್ಲದೆಯೂ ಮೊಣಕೈ ಮಡಚಿ ಮೂಗು ತುರಿಸಿಕೊಳ್ಳುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅವಳು ಫ್ರಾಕಿನ ಮಡಿಲಲ್ಲಿ ಬಾಬಿನ್ನು, ಹತ್ತಿ, ಎರಡು ಚಮಚ, ಅಪ್ಪನ ಹಳೆಯ ಟಾರ್ಚು, ಇನ್ನೂ ಏನೇನನ್ನೋ ತುಂಬಿಕೊಂಡು ಹಿಂದಿನ ಕೋಣೆಗೆ ಹೊರಟಳು. ಸುಮಂಗಲಾ ಹಿಂದೆಯೇ ಹೋದಾಗ, ಹೊಸ್ತಿಲ ಆಚೆ ತಿರುಗಿ ನಿಂತು, ಒಳಗೆ ಬರಬೇಡ, ನನಗೆ ಕೆಲಸ ಇದೆ ಎಂದಳು. ಆ ಕೋಣೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು, ದೊಡ್ಡವರಿಗೂ ಜೋರು ಬೇಕು. ನೀಲು ಮಡಿಲಲ್ಲಿದ್ದುದನ್ನು ನೆಲಕ್ಕೆ ಸುರಿದು, ಎರಡೂ ಅಂಗೈಗಳನ್ನು ಹಲಗೆಗೆ ಆನಿಸಿ, ಬೆನ್ನು ಬಾಗಿಸಿ ದೂಡಿದಳು. ಬಾಗಿಲು ಕಿರುಗುಟ್ಟುತ್ತಾ ಇಂಚಿಂಚಾಗಿ ಸರಿದು, ತಾಯಿಯ ಮುಖದ ಮುಂದೆ ಮುಚ್ಚಿಕೊಂಡಿತು.

ಸುಮಂಗಲಾ ಒಂದು ಗಳಿಗೆ ಅಲ್ಲೇ ನಿಂತಳು. ಒಳಗೆ ಏನೋ ಧೊಪ್ಪೆಂದು ಬಿತ್ತು. ಅವಳ ಕೈ ಬಾಗಿಲತ್ತ ಹೋಯಿತು. ಅಷ್ಟರಲ್ಲಿ ನೀಲು ಯಾರನ್ನೋ ಗದರುವುದು, ಆಮೇಲೆ ಯಾರನ್ನೋ ಸಮಾಧಾನ ಮಾಡುವುದು ಕೇಳಿಸಿತು. ಸುಮಂಗಲಾ ಮುಂಗೋಣೆಗೆ ಬಂದು ಯಂತ್ರದ ಮುಂದೆ ಕೂತಳು.

ಕುಪ್ಪಸ ಒಯ್ಯಲು ಬಂದ ಪಕ್ಕದ ಬೀದಿಯ ಮಹಾದೇವಕ್ಕ, ಮೇಜಿನ ಕೆಳಗೆ ಇಣುಕಿ, ನೀಲು ಎಲ್ಲಿ ಎಂದು ಕೇಳಿದಳು. ಒಳಗಿದ್ದಾಳೆ ಎಂದಳು ಸುಮಂಗಲಾ.

"ಒಬ್ಬಾಕಿನ? ಏನ್ ಮಾಡಾಕತ್ತಾಳ?"

ಸುಮಂಗಲಾ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿದಳು. ಮಗಳು ಹುಟ್ಟಿದ ದಿನದಿಂದ ಆ ಪ್ರಶ್ನೆಗೆ ಅವಳ ಬಳಿ ಉತ್ತರ ಇಲ್ಲದ ಒಂದು ಗಳಿಗೆಯೂ ಇರಲಿಲ್ಲ.

"ನಂಗ ಗೊತ್ತಿಲ್ರಿ" ಎಂದಳು, ಮುಖದ ತುಂಬ ನಗುತ್ತಾ.